ಬೆಕ್ಕು ಫೇಲು, ಅತ್ತೆ ಪಾಸು

ಆ ಬೀದಿಯಲ್ಲಿ ಯಾರ ಪಾಸ್‌ಪೋರ್ಟ್ ತೆರೆದು ನೋಡಿದರೂ ಒಂದೇ ಮುಖ. ಅಂದರೆ ಮೂಗು, ಕಿವಿ, ಮೀಸೆ ಎಲ್ಲ ಅವರವರದೇ. ಆದರೆ ಗದ್ದ ಒಂದಿಷ್ಟು ಮೇಲೆ, ತುಟಿ ಬಿಗಿ, ಕಣ್ಣಿನಲ್ಲಿ ಯಾರೋ ಹಿಂದಿನಿಂದ ಗದರಿಸಿದಂಥ ಗಾಬರಿ. ಅದೆಲ್ಲ ಮೂಲೆಯ ಸ್ಟುಡಿಯೋದವನ ಕೈಚಳಕ. ಸ್ಟೂಲಿನ ಮೇಲೆ ಕೂತವರು ಯಾರೇ ಆಗಲಿ, "ಸ್ವಲ್ಪ ಕತ್ತೆತ್ತಿ, ಇನ್ನೂ ಸ್ವಲ್ಪ ಕತ್ತೆತ್ತಿ" ಎನ್ನದೆ ಅವನು ಬಟನ್ ಒತ್ತಿದವನಲ್ಲ. ಹಾಗಾಗಿ ಬೀದಿಯವರು ಅವನಿಗೆ ಕತ್ತೆತ್ತಿ ಎಂದೇ ಹೆಸರಿಟ್ಟಿದ್ದರು. ಅದನ್ನು ಕತ್ತು ಎತ್ತಿ ಎಂದು ಬಿಡಿಸಿಕೊಳ್ಳಬೇಕೋ ಕತ್ತೆ ಎತ್ತಿ ಎಂದೋ ಎನ್ನುವುದು ಕರೆಯುವವರಿಗೆ ಆವತ್ತು ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿದೆ ಎನ್ನುವುದರ ಮೇಲೆ ನಿಂತಿತ್ತು.

ಮುಖಗಳನ್ನು ವಾಪಸು ಕಳಿಸುವುದೆಂದರೆ ಅವನಿಗೊಂದು ಚಟ. ಬ್ಯಾಂಕಿನ ಮ್ಯಾನೇಜರನ್ನು "ಸಾರ್, ಕಣ್ಣ ಕೆಳಗೆ ಚೀಲ ಬಿದ್ದಿದೆ, ಚೆನ್ನಾಗಿ ನಿದ್ದೆ ಮಾಡಿ ನಾಳೆ ಬನ್ನಿ" ಎಂದು ಸ್ಟೂಲಿನಿಂದ ಎಬ್ಬಿಸಿ ಕಳಿಸಿದ್ದ. ಕೂಸು ಅತ್ತರೆ ಕೂಸಿನ ತಾಯಿಯನ್ನು ಬೈದಿದ್ದ. ಹಲ್ಲಿನ ಡಾಕ್ಟರೊಬ್ಬರ ನಗು ಸಹಜವಾಗಿಲ್ಲ ಎಂದು ಮತ್ತೆ ಮತ್ತೆ ನಗಿಸಿ, ಕೊನೆಗೆ ಅವರು ನಗುವುದನ್ನೇ ಮರೆತು ಎದ್ದು ಹೋಗುವಂತೆ ಮಾಡಿದ್ದ. ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಇರುವ ಫೋನು ಬಂತು. ತಮ್ಮ ಮುಖ ತಮಗೇ ಪಾಸು ಮಾಡಿಕೊಳ್ಳಲು ಬರುವಾಗ ಕತ್ತೆತ್ತಿಯ ಹತ್ತಿರ ಹೋಗಿ ಬೈಸಿಕೊಳ್ಳುವ ದರ್ದು ಯಾರಿಗಿದೆ? ಸ್ಟುಡಿಯೋದಲ್ಲಿ ನೊಣ ಹೊಡೆಯುವ ಕಾಲ ಬಂತು.

ಸ್ಟುಡಿಯೋದ ಮೇಲೆಯೇ ಮನೆ. ಮಕ್ಕಳಿರಲಿಲ್ಲ. ಹೆಂಡತಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕೊನೆಯ ತಪಾಸಣೆಯ ಮೇಜಿನಲ್ಲಿದ್ದಳು. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರವಿ, ಕಾಲರು, ಗುಂಡಿ, ಕಾಜ ನೋಡಿ ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಪಕ್ಕದ ಬುಟ್ಟಿಗೆ ಹಾಕುವುದು ಅವಳ ಕೆಲಸ. ಜೊತೆಗೆ ಅವಳ ತಾಯಿಯೂ ಇದ್ದರು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಔಷಧಿ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದಿ ಮುಗಿಸಿದ ಮೇಲೆಯೇ ಮಾತ್ರೆ ನುಂಗುವ ಹೆಂಗಸು. ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಆ ಬಹುವಚನ ಮರ್ಯಾದೆಯದೋ ವ್ಯಂಗ್ಯದ್ದೋ ಎಂದು ಕತ್ತೆತ್ತಿಗೆ ಮದುವೆಯಾದಾಗಿನಿಂದ ಅನುಮಾನ.

ಕತ್ತೆತ್ತಿಗೆ ಜೀವನದಲ್ಲಿ ಒಂದೇ ಒಂದು ಹೆಮ್ಮೆ ಇತ್ತು, ಅದೊಂದು ಬೆಕ್ಕು. ವಯಸ್ಸಿನಲ್ಲಿ ತೆಗೆದ ಫೋಟೋ. ಮೆಟ್ಟಿಲಿನ ಮೇಲೆ ಕತ್ತಲು, ಆ ಕತ್ತಲಿನೊಳಗೊಂದು ಕರೀ ಬೆಕ್ಕು. ನೋಡುವವರು ಒಂದು ನಿಮಿಷ ಕಣ್ಣು ಕಿರಿದು ಮಾಡಿದರೆ ಕಿವಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಊರಿನ ಕ್ಯಾಮೆರಾ ಕ್ಲಬ್ಬು ಅದಕ್ಕೆ ಮೊದಲ ಬಹುಮಾನ ಕೊಟ್ಟು ಪದಕ ಹಾಕಿತ್ತು. ಅಂದಿನಿಂದ ಆ ಫೋಟೋ ಗಾಜಿನ ಚೌಕಟ್ಟಿನೊಳಗೆ ಸ್ಟುಡಿಯೋದ ಗೋಡೆಯ ಮೇಲಿತ್ತು. ಬಂದ ಗಿರಾಕಿಗಳು ಅದರ ಗಾಜಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು.

ಪಕ್ಕದ ಟ್ರಾವೆಲ್ ಏಜೆಂಟು ಒಂದು ದಿನ ಮಾತಿಗೆ ಮಾತು ಬಂದಾಗ ಹೇಳಿದ, ತಮ್ಮ ಪೋಸ್ಟರುಗಳ ಫೋಟೋಗಳೆಲ್ಲ ಬರುವುದು ಇಂಟರ್‌ನೆಟ್ಟಿನ ಒಂದು ಕಂಪನಿಯಿಂದ ಅಂತ. ಯಾರು ಬೇಕಾದರೂ ಅಲ್ಲಿಗೆ ಫೋಟೋ ಕಳಿಸಬಹುದು, ಅವರು ಪರೀಕ್ಷೆ ಮಾಡಿ ಸರಿಯೆನಿಸಿದ್ದನ್ನು ಅಂಗಡಿಯಲ್ಲಿ ಇಟ್ಟ ಹಾಗೆ ಇಡುತ್ತಾರೆ, ಬೇಕಾದ ಜಾಹೀರಾತಿನವರು ಬೇಕಾದ್ದನ್ನು ಕೊಳ್ಳುತ್ತಾರೆ. ಪರೀಕ್ಷೆ ಎಂಬ ಮಾತು ಕತ್ತೆತ್ತಿಯ ಕಿವಿಗೆ ಬಿತ್ತು, ಆದರೆ ಒಳಕ್ಕೆ ಇಳಿಯಲಿಲ್ಲ. ತನ್ನ ಬೆಕ್ಕನ್ನು ಪರೀಕ್ಷೆ ಮಾಡುವವನು ಇನ್ನೂ ಹುಟ್ಟಿಲ್ಲ ಎನ್ನುವ ಧೈರ್ಯದಲ್ಲಿ ಅವನು ಆ ಸಂಜೆಯೇ ಅದನ್ನು ಕಳಿಸಿದ. ಹೆಂಡತಿಗೆ, ನಾಳೆಯಿಂದ ಪ್ರಪಂಚದ ಮೂಲೆಮೂಲೆಯಲ್ಲೂ ನಮ್ಮ ಬೆಕ್ಕು ಇರುತ್ತೆ ಅಂದ. ಸದ್ಯಕ್ಕೆ ಹಾಲಿನ ಪಾತ್ರೆ ಮುಚ್ಚಿಡಿ ಅಂದಳು ಅವಳು.

ಉತ್ತರ ಬಂತು. ಸ್ವೀಕರಿಸಲಾಗಿಲ್ಲ. ಕಾರಣ: ಮುಖ್ಯ ವಸ್ತು ಸ್ಪಷ್ಟವಾಗಿಲ್ಲ, ಬೆಳಕು ಸಾಲದು, ನಾಯ್ಸ್ ಇದೆ.

ಕತ್ತೆತ್ತಿ ಅದನ್ನು ಜೋರಾಗಿ ಓದಿದ. ಸ್ಪಷ್ಟವಾಗಿಲ್ಲ ಅಂದರೆ ಏನರ್ಥ? ಸ್ಪಷ್ಟವಾಗಿ ಕಾಣದೇ ಇರುವುದೇ ತಾನೇ ಆ ಫೋಟೋ? ನಾಯ್ಸ್ ಎಂದರೇನು ಎಂದು ಅತ್ತೆ ಕೇಳಿದರು. ಕತ್ತಲಲ್ಲಿ ತೆಗೆದ ಫೋಟೋದಲ್ಲಿ ರವೆ ಚೆಲ್ಲಿದ ಹಾಗೆ ಕಾಣುವ ಚುಕ್ಕೆಗಳಿಗೆ ಹಾಗನ್ನುತ್ತಾರೆ ಎಂದು ಅವನು ವಿವರಿಸಲು ಹೊರಟ. ಅಷ್ಟರಲ್ಲಿ ಅವರು ಕನ್ನಡಕ ಏರಿಸಿ ಗೋಡೆಯ ಕಡೆ ನೋಡಿ, "ಬೆಕ್ಕು ಪಾಪ ಸುಮ್ಮನೆ ಕೂತಿದೆಯಲ್ಲ ಅಳಿಯಂದಿರೇ, ಗಲಾಟೆ ಮಾಡ್ತಿರೋದು ಯಾರು?" ಅಂದರು.

ಮಿಷೀನು ಏನೋ ತಪ್ಪು ಮಾಡಿರಬೇಕು ಎಂದು ಅವನು ಬೇರೆಯವನ್ನು ಕಳಿಸಿದ. ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆಗಳಿಗೆ ಒರಗಿ ನಿದ್ದೆ ಹೋದ ಕೂಲಿಯ ಫೋಟೋ ಹೋಯಿತು. ಕೂಲಿಯ ಚಪ್ಪಲಿಯ ಮೇಲೆ ಕಂಪನಿಯ ಹೆಸರು ಕಾಣುತ್ತದೆ ಎಂದು ವಾಪಸು ಬಂತು. ಹೆಸರನ್ನು ಕಂಪ್ಯೂಟರಿನಲ್ಲಿ ಅಳಿಸಿ ಕಳಿಸಿದ. ಅತಿಯಾಗಿ ತಿದ್ದಲಾಗಿದೆ ಎಂದು ಬಂತು. ನಯವಾಗಿ ಅಳಿಸಿ ಕಳಿಸಿದ. ಮುಖ ಗುರುತು ಸಿಗುವಂತಿದೆ, ಆ ವ್ಯಕ್ತಿಯ ಒಪ್ಪಿಗೆ ಪತ್ರ ಎಲ್ಲಿ ಎಂದು ಬಂತು. ಕತ್ತೆತ್ತಿ ಒಪ್ಪಿಗೆ ಪತ್ರ ಹಿಡಿದುಕೊಂಡು ಸ್ಟೇಷನ್ನಿಗೆ ಹೋಗಿ ಆ ಕೂಲಿಯನ್ನು ಹುಡುಕಿದ. ಆತ ಫೋಟೋವನ್ನು ಮೆಚ್ಚಿ ನೋಡಿದ, ಆಮೇಲೆ ಕಾಗದ ನೋಡಿ, "ಕೆಲಸದ ಹೊತ್ತಲ್ಲಿ ಮಲಗಿದ್ದೆ ಅಂತ ನಾನೇ ಸಹಿ ಹಾಕಿ ಕೊಡಬೇಕಾ ಸ್ವಾಮಿ?" ಎಂದು ಮೂಟೆ ಹೊತ್ತು ನಡೆದ.

ಹಾಳಾಗಿ ಹೋಗಲಿ, ಮನುಷ್ಯರ ಸಹವಾಸವೇ ಬೇಡ ಎಂದು ಸೂರ್ಯಾಸ್ತ ಕಳಿಸಿದ. ಇಂಥವು ನಮ್ಮಲ್ಲಿ ಸಾಕಷ್ಟಿವೆ ಎಂದು ಬಂತು. ಇದನ್ನಂತೂ ಅವನು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಸೂರ್ಯನನ್ನೇ ಸಾಕು ಅಂದುಬಿಟ್ಟರಂತೆ ನೋಡಿ, ಇವರ ಅಹಂಕಾರ ಎಷ್ಟಿರಬಹುದು ಅಂತ.

ಅವನ ತಲೆಯೊಳಗೆ ಆ ತಪಾಸಣೆಯವನಿಗೊಂದು ರೂಪ ಬಂದುಬಿಟ್ಟಿತ್ತು. ಕಾಲು ಮೇಜಿನ ಮೇಲಿಟ್ಟು, ಟೀ ಹೀರುತ್ತಾ, ಬಲಗೈಯ ಒಂದು ಬೆರಳಿನಿಂದ ಕತ್ತೆತ್ತಿಯ ಬಾಳನ್ನೆಲ್ಲ ಕಸಕ್ಕೆ ತಳ್ಳುವ ಒಬ್ಬ ಚಿಗುರು ಮೀಸೆಯವನು. ಅವನಿಗೆ ಆ ಮಹಾಶಯ ಎಂದೇ ಹೆಸರು. ಊಟಕ್ಕೆ ಕೂತರೂ ಆ ಮಹಾಶಯ, ಹಲ್ಲುಜ್ಜುವಾಗಲೂ ಆ ಮಹಾಶಯ. ಕೊನೆಗೆ ಅವನಿಗೆ ಮೇಲ್ಮನವಿ ಬರೆಯುವುದೆಂದು ತೀರ್ಮಾನವಾಯಿತು. ಕತ್ತೆತ್ತಿಯ ಇಂಗ್ಲಿಷು ಅಂಗಡಿಯ ಬೋರ್ಡಿನ ಆಚೆ ಹೋಗಿರಲಿಲ್ಲ. ಹಾಗಾಗಿ ಬಾಮೈದನನ್ನು ಕರೆಸಿದ. ಬಾಮೈದ ಇನ್ಶೂರೆನ್ಸ್ ಏಜೆಂಟು. ಬರೆದ, ಚೆನ್ನಾಗಿಯೇ ಬರೆದ. ಆದರೆ ಅಭ್ಯಾಸಬಲ ನೋಡಿ, ಎಲ್ಲ ಪತ್ರಗಳೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ಮನುಷ್ಯನ ಜೀವ ಯಾವ ಗಳಿಗೆಯಲ್ಲಿ ಏನಾಗುವುದೋ ಹೇಳಲಾಗದು, ನೀವೂ ನಿಮ್ಮ ಕುಟುಂಬದವರೂ ಒಮ್ಮೆ ಶಾಂತವಾಗಿ ಕೂತು ಯೋಚಿಸಿ. ಓದಿದವರಿಗೆ ಅದು ವಿನಂತಿಯೋ ಬೆದರಿಕೆಯೋ ತಿಳಿಯುವಂತಿರಲಿಲ್ಲ. ಉತ್ತರ ಮಾತ್ರ ಪ್ರತಿಸಲವೂ ಅದೇ. ನಿಮ್ಮ ಪರಿಶ್ರಮವನ್ನು ಗೌರವಿಸುತ್ತೇವೆ. ಇಂತಿ, ಗುಣಮಟ್ಟ ತಂಡ.

ಒಂದು ಸಂಜೆ ಹೆಂಡತಿ ಕಾರ್ಖಾನೆಯಿಂದ ಬಂದು, ಇನ್ನೂ ಕೈಕಾಲು ತೊಳೆಯುವ ಮೊದಲೇ ಅವನು ಹೊಸ ತಿರಸ್ಕಾರವನ್ನು ಓದಿ ಹೇಳಲು ಶುರು ಮಾಡಿದ. ಅವಳು ನಿಂತೇ ಕೇಳಿದಳು. ಆ ಮಹಾಶಯನಿಗೆ ನನ್ನ ಮೇಲೆ ಏನೋ ಹಗೆ ಇದೆ ಎಂದು ಅವನು ಮುಗಿಸಿದ.

"ರೀ, ನಾನೂ ದಿನವೆಲ್ಲ ಅದನ್ನೇ ಮಾಡೋದು," ಅಂದಳು. "ಕಣ್ಣು ಮಿಟುಕಿಸೋದರಲ್ಲಿ ಒಂದು ಅಂಗಿ ಹೋಗುತ್ತೆ. ಬುಟ್ಟಿಗೆ ಹಾಕಿದ ಅಂಗಿ ಮೇಲೆ ನನಗೇನು ಹಗೆ? ಅದರ ಮುಖ ಕೂಡ ನೆನಪಿರಲ್ಲ. ಆ ಅಂಗಿ ಮನೆಗೆ ಬಂದು ಇನ್ಶೂರೆನ್ಸಿನವನ ಕೈಲಿ ನನಗೆ ಕಾಗದ ಬರೆಸಿದರೆ ನಾನೇನು ಮಾಡಲಿ?"

ನನ್ನ ಕಲೆಯನ್ನು ಅಂಗಿಗೆ ಹೋಲಿಸುತ್ತೀಯಾ ಎಂದು ಅವನಿಗೆ ಪಿತ್ತ ನೆತ್ತಿಗೇರಿತು. ಅವಳು ಸೋಪು ಹುಡುಕುತ್ತಾ, ಅಂಗಿಯನ್ನಾದರೆ ಹಾಕಿಕೊಳ್ಳಬಹುದು ಅಂದಳು.

ಅವಮಾನವಾದರೂ ಆ ಮಾತಿನಿಂದ ಅವನಿಗೆ ಹೊಸ ಹುರುಪು ಬಂತು. ಸರಿ, ಹಾಕಿಕೊಳ್ಳುವಂಥದ್ದನ್ನೇ ಮಾಡೋಣ. ಕಂಪನಿಯ ಅಂಗಡಿಯಲ್ಲಿ ಯಾವುದು ಬಿಕರಿಯಾಗುತ್ತದೆ ಎಂದು ಕೂತು ನೋಡಿದ. ನೋಡಿದಷ್ಟೂ ಗರ ಬಡಿದಂತಾಯಿತು. ಬಿಳೀ ಕೋಣೆಯಲ್ಲಿ ಕೋಟು ಹಾಕಿದವರು ಕೈ ಕುಲುಕುತ್ತಾ ಹಲ್ಲು ಕಿರಿಯುವುದು. ಖಾಲಿ ಬೋರ್ಡಿನ ಕಡೆ ಬೆರಳು ತೋರಿಸಿ ಹಲ್ಲು ಕಿರಿಯುವುದು. ಮುದುಕ ಮುದುಕಿ ಒಂದು ಲ್ಯಾಪ್‌ಟಾಪಿನ ಮುಂದೆ, ಅದರಲ್ಲಿ ಸ್ವರ್ಗವೇ ಕಂಡಿತೇನೋ ಎಂಬಂತೆ ಹಲ್ಲು ಕಿರಿಯುವುದು. ಯಾರೂ ಗೋಡೆಗೆ ಒರಗಿಲ್ಲ, ಯಾರ ಅಂಗಿಯೂ ಮುದುಡಿಲ್ಲ, ಯಾರ ಮನೆಯಲ್ಲೂ ಕಸಬರಿಗೆ ಇಲ್ಲ. ಇಷ್ಟೇ ತಾನೇ ಎಂದು ಕತ್ತೆತ್ತಿ ತೋಳೇರಿಸಿದ.

ಒಂದು ಭಾನುವಾರ ಮನೆಯ ನಡುಕೋಣೆ ಆಫೀಸಾಯಿತು. ಊಟದ ಮೇಜಿಗೆ ಬಿಳೀ ಹೊದಿಕೆ, ಹಿಂದಿನ ಗೋಡೆಗೂ ಬಿಳೀ ಹೊದಿಕೆ. ಮಲಗುವ ಹಾಸಿಗೆಗಳೆಲ್ಲ ಬೆತ್ತಲಾದವು. ಬಾಮೈದ ಕೋಟು ಹಾಕಿಕೊಂಡು ಬಂದ. ಹೆಂಡತಿ ವಾರಕ್ಕೆ ಸಿಗುವ ಒಂದೇ ರಜೆಯನ್ನು ಶಪಿಸುತ್ತಾ ಸ್ಟುಡಿಯೋದ ಬಾಡಿಗೆ ಕೋಟು ತೊಟ್ಟಳು. ಅಕ್ಕ ತಮ್ಮ ಕೈ ಕುಲುಕಬೇಕು, ದೊಡ್ಡ ವ್ಯವಹಾರ ಕುದುರಿದ ಹಾಗೆ. ಹುಟ್ಟಿದಾಗಿನಿಂದ ಪರಸ್ಪರ ಜುಟ್ಟು ಹಿಡಿದವರೇ ಹೊರತು ಕೈ ಹಿಡಿದವರಲ್ಲ. ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಬಂದ ನಗು ವ್ಯವಹಾರದ್ದಾಗಿರಲಿಲ್ಲ. ಅತ್ತೆಯವರದು ಸಂತೃಪ್ತ ವೃದ್ಧೆಯ ಪಾತ್ರ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಅವರು ಅದನ್ನು ಕಿಟಕಿಯ ಹತ್ತಿರ ಒಯ್ದು ಓದತೊಡಗಿದರು. ಮುಗಿಸಿ, ತಿರುಗಿಸಿ, ಹಿಂಬದಿಯನ್ನೂ ಓದಿದರು. ಅದೇನಿಲ್ಲ ಅತ್ತೆ, ಸುಮ್ಮನೆ ಶಾಸ್ತ್ರಕ್ಕೆ, ಎಂದ ಅಳಿಯ. ಅವರು ಅವನ ಕಡೆ ಒಂದು ನೋಟ ನೋಡಿ ಸಹಿ ಹಾಕಿದರು.

ಲೈಟು ಸರಿಹೋಗುವುದರಲ್ಲಿ ಊಟದ ಹೊತ್ತು ಮೀರಿತು. ಲ್ಯಾಪ್‌ಟಾಪಿನ ಮುಂದೆ ಅತ್ತೆಯನ್ನು ಕೂರಿಸಿ, ಕತ್ತೆತ್ತಿ ಎಂದು, ನಗಿ ಎಂದು, ಅಷ್ಟು ಬೇಡ ಎಂದು ಅವನು ಹೈರಾಣು ಮಾಡಿದ. ಅವರು ಸಿಹಿಯಾಗಿ ನಕ್ಕರು, ಮೃದುವಾಗಿ ನಕ್ಕರು, ಕೊನೆಗೆ ನಗುವುದನ್ನು ಬಿಟ್ಟು, ಶಾಲು ಎಳೆದುಕೊಂಡು, ಹಸಿವಿನಿಂದ ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿ, ಅಳಿಯನನ್ನು ಸುಟ್ಟುಬಿಡುವಂತೆ ನೋಡುತ್ತಾ ಕೂತರು. ಬೆಳಕು ಸರಿಯಿದೆಯೇ ನೋಡಲು ಅವನು ಒಂದು ಕ್ಲಿಕ್ ಮಾಡಿದ. ಸಂಜೆ ಆಯುವುದಕ್ಕೂ ತಾಳ್ಮೆಯಿಲ್ಲದೆ ತೆಗೆದದ್ದನ್ನೆಲ್ಲ ಒಟ್ಟಿಗೆ ಕಳಿಸಿದ.

ಕೈ ಕುಲುಕಿದ್ದೆಲ್ಲ ವಾಪಸು ಬಂತು: ನಗು ಸಹಜವಾಗಿಲ್ಲ. ಸಂತೃಪ್ತ ವೃದ್ಧೆ ವಾಪಸು ಬಂದಳು: ಭಾವನೆ ಕೃತಕವಾಗಿದೆ. ಹಾಸಿಗೆಯ ಹೊದಿಕೆಯನ್ನೂ ಬಿಡಲಿಲ್ಲ: ಹಿನ್ನೆಲೆಯಲ್ಲಿ ಮಡಿಕೆ. ಪಾಸಾದದ್ದು ಒಂದೇ ಒಂದು, ಹೊಟ್ಟೆ ಹಿಡಿದು ಕೂತ ಅತ್ತೆ.

ಕತ್ತೆತ್ತಿಗೆ ಅಷ್ಟು ದಿನದ ತಿರಸ್ಕಾರಗಳೆಲ್ಲ ಒಂದು ತೂಕ, ಈ ಪಾಸು ಒಂದು ತೂಕ ಅನಿಸಿತು. ಲೈಟು ನೋಡಲು ಒತ್ತಿದ ಫೋಟೋ! ತಾನು ಕಣ್ಣಿಟ್ಟು ತೆಗೆದದ್ದೂ ಅಲ್ಲ, ಹೆಬ್ಬೆರಳು ಜಾರಿದಂತೆ ಬಂದದ್ದು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅದು ಬಿಕರಿಯಾಯಿತೆಂದು ಮೇಲ್ ಬಂದಾಗಲೂ ಹೇಳಲಿಲ್ಲ. ಯಾರೋ ಕುರುಡ ಕೊಂಡಿರಬೇಕು ಎಂದುಕೊಂಡು ಸುಮ್ಮನಾದ.

ಆ ಕುರುಡ ಯಾರೆಂದು ಮೊದಲು ಕಂಡದ್ದು ಅವನ ಹೆಂಡತಿಗೆ. ಕಾರ್ಖಾನೆಯ ಬಸ್ಸು ದೊಡ್ಡ ರಸ್ತೆಯ ಬಸ್ ನಿಲ್ದಾಣದ ಎದುರು ಸಿಗ್ನಲ್ಲಿಗೆ ನಿಂತಿತು. ಕಿಟಕಿಯಿಂದ ನೋಡಿದರೆ, ನಿಲ್ದಾಣದ ಬೆನ್ನಿಗೆ ಆಳೆತ್ತರದಲ್ಲಿ ಅವಳ ತಾಯಿ ಹೊಟ್ಟೆ ಒತ್ತಿಕೊಂಡು ಕೂತಿದ್ದಾರೆ. ತಲೆಯ ಮೇಲೆ ದಪ್ಪಕ್ಷರದಲ್ಲಿ: ಇವತ್ತೂ ಆಗಲಿಲ್ಲವೇ? ಕಾಲ ಬಳಿ ಹೊಟ್ಟೆ ಸಾಫು ಮಾಡುವ ಯಾವುದೋ ಪುಡಿಯ ಡಬ್ಬಿ. ಬಸ್ಸಿನ ತುಂಬ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಪಕ್ಕದವಳು, ನಿಮ್ಮಮ್ಮನ ಥರಾನೇ ಇದ್ದಾರಲ್ಲೇ, ಎಂದಳು. ಇವಳು, ಯಾರೋ ಇರಬೇಕು ಎಂದು ಹೆತ್ತ ತಾಯಿಯನ್ನು ಅಲ್ಲೇ ಕೈಬಿಟ್ಟಳು.

ಮನೆಗೆ ಬಂದವಳು ಚೀಲ ಇಟ್ಟು ಸೀದಾ ಸ್ಟುಡಿಯೋಗೆ ಇಳಿದು ಬಾಗಿಲು ಹಾಕಿಕೊಂಡಳು. ಒಳಗೆ ಏನು ನಡೆಯಿತು ಎನ್ನುವುದು ಇಬ್ಬರಿಗೇ ಗೊತ್ತು. ಹೊರಗೆ ಬಂದಾಗ ಕತ್ತೆತ್ತಿಯ ಮುಖ ಮಾತ್ರ ಯಾವ ಪಾಸ್‌ಪೋರ್ಟಿಗೂ ಆಗುವಂತಿರಲಿಲ್ಲ. ಅಮ್ಮನಿಗೆ ಇದು ತಿಳಿದರೆ ಎದೆಯೊಡೆದು ಹೋಗುತ್ತಾರೆ, ತಿಳಿಯಬಾರದು, ಅಷ್ಟೇ. ಆದರೆ ಅಮ್ಮ ದಿನಾ ಸಂಜೆ ವಾಚನಾಲಯಕ್ಕೆ ಹೋಗುವುದು ಅದೇ ನಿಲ್ದಾಣದ ಮುಂದಿನಿಂದ. ಬಾಮೈದನನ್ನು ಕರೆಸಿದರು. ರಸ್ತೆ ಅಗೆದುಬಿಟ್ಟಿದ್ದಾರಮ್ಮ, ನಡೆಯುವ ಹಾಗಿಲ್ಲ, ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದು ಅವನು ಹೇಳಿದ. ಯಾವ ಇಲಾಖೆಯವರು ಅಗೆದಿದ್ದು ಎಂದು ಅವರು ಕೇಳಿದರು. ಬಾಮೈದ ನೀರಿನವರು ಎಂದ, ಕತ್ತೆತ್ತಿ ಅದೇ ಗಳಿಗೆಯಲ್ಲಿ ಕರೆಂಟಿನವರು ಎಂದ. ಹೌದೇ, ಇಬ್ಬರೂ ಸೇರಿ ಅಗೆದರೇ, ಎಂದು ಅವರು ಶಾಲು ಹೊದ್ದುಕೊಂಡು ಸ್ಕೂಟರ್ ಹತ್ತಿದರು. ಅಂದಿನಿಂದ ಬಾಮೈದ ಪಾಲಿಸಿ ಮಾರುವುದನ್ನು ಬಿಟ್ಟು ತಾಯಿಯನ್ನು ಊರೆಲ್ಲ ಸುತ್ತಿಸಿ ವಾಚನಾಲಯ ಮುಟ್ಟಿಸುವ ಕೆಲಸಕ್ಕೆ ನಿಂತ.

ಇತ್ತ ಕತ್ತೆತ್ತಿ, ಫೋಟೋ ಹಿಂದಕ್ಕೆ ಕೊಡಿ ಎಂದು ಕಂಪನಿಗೆ ಬರೆಸಿದ. ಮಾರಿ ಹೋದದ್ದು ಹಿಂದಕ್ಕೆ ಬಾರದು, ನಿಮ್ಮ ಚಿತ್ರಕ್ಕೆ ಒಳ್ಳೆಯ ಬೇಡಿಕೆಯಿದೆ, ಅಭಿನಂದನೆಗಳು ಎಂದು ಉತ್ತರ ಬಂತು. ಅಷ್ಟು ದಿನ ಒಂದು ಒಳ್ಳೆಯ ಮಾತಿಗಾಗಿ ಬಾಯಿ ಬಿಟ್ಟವನಿಗೆ ಸಿಕ್ಕ ಅಭಿನಂದನೆ ಅದೊಂದೇ.

ಇನ್ನು ಉಳಿದದ್ದು ಒಂದೇ ದಾರಿ, ಮುಖವನ್ನು ಮುಚ್ಚಿಬಿಡುವುದು. ಅದಕ್ಕೆ ತಕ್ಕ ಅಳತೆಯ ಒಂದು ದೊಡ್ಡ ಚಿತ್ರ ಬೇಕು. ಖಾಲಿ ಹಾಳೆಯೂ ಆಗುತ್ತಿತ್ತು. ಆದರೆ ಕತ್ತೆತ್ತಿ ಎಷ್ಟಾದರೂ ಕಲಾವಿದ. ಅತ್ತೆಯ ಮಾನ ಉಳಿಸುವ ಹೊತ್ತಿನಲ್ಲಿ ತನ್ನದೂ ಒಂದಿಷ್ಟು ಉಳಿದರೆ ತಪ್ಪೇನು ಎನಿಸಿತು. ಬೆಕ್ಕನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿದ. ಭಾನುವಾರ ಮಧ್ಯಾಹ್ನ ಜನ ಕಡಿಮೆಯಿರುತ್ತಾರೆಂದು ಎಣಿಸಿ, ಸ್ಟುಡಿಯೋದ ಸ್ಟೂಲು ಮತ್ತು ಅಂಟಿನ ಬಕೆಟ್ಟಿನೊಂದಿಗೆ ನಿಲ್ದಾಣಕ್ಕೆ ಹೋದ. ಜನ ಇದ್ದರು. ಬಸ್ಸು ಬಾರದ ಕಡೆ ಜನಕ್ಕೇನು ಬರ? ಅವನು ಯಾರನ್ನೂ ನೋಡದೆ ಸ್ಟೂಲು ಹತ್ತಿ ಅತ್ತೆಯ ಮುಖದ ಮೇಲೆ ಬೆಕ್ಕನ್ನು ಅಂಟಿಸಿದ. ಶಾಲು ಹೊದ್ದು ಹೊಟ್ಟೆ ಹಿಡಿದ ದೇಹಕ್ಕೆ ಈಗ ಒಂದು ಚೌಕ ಕಪ್ಪು ತಲೆ. ಕೆಳಗಿನಿಂದ ಒಬ್ಬರು, ಏನ್ರೀ ಅದು, ಮಸಿಯಾ ಎಂದು ಕೇಳಿದರು. ಬೆಕ್ಕು ಎಂದ ಕತ್ತೆತ್ತಿ. ಎಲ್ಲಿ ಎಂದು ಇಬ್ಬರು ಮೂವರು ಕಣ್ಣು ಕಿರಿದು ಮಾಡಿಕೊಂಡು ಹತ್ತಿರ ಬಂದರು. ಅವನು ಸ್ಟೂಲಿನ ಮೇಲಿನಿಂದಲೇ ಕಿವಿಯ ಅಂಚಿನ ಬೆಳಕನ್ನು ತೋರಿಸಿ ವಿವರಿಸತೊಡಗಿದ. ವಿವರಿಸುತ್ತಾ ವಿವರಿಸುತ್ತಾ ತಾನು ಬಂದ ಕೆಲಸವೇ ಮರೆಯಿತು.

"ಬೆಕ್ಕು ಇಳಿಸಿ ಅಳಿಯಂದಿರೇ."

ತಿರುಗಿ ನೋಡಿದರೆ ಅತ್ತೆ. ತಾಯಿಯ ಹಟಕ್ಕೆ ಇದೇ ದಾರಿಗೆ ಬಂದು ಹಿಂದೆ ಸ್ಕೂಟರ್ ಹಿಡಿದು ನಿಂತ ಬಾಮೈದ, ತಾನು ಯಾವುದಕ್ಕೂ ಜವಾಬ್ದಾರನಲ್ಲ ಎಂಬಂತೆ ಆಕಾಶ ನೋಡುತ್ತಿದ್ದ.

ಕತ್ತೆತ್ತಿ ಅಂಟಿನ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅತ್ತೆ, ನಿಮ್ಮ ಮಾನ ಹೋಗಬಾರದು ಅಂತ, ಎಂದು ತಡವರಿಸಿದ.

"ನನ್ನ ಮಾನ ನಾನು ನೋಡಿಕೊಳ್ಳುತ್ತೇನೆ. ಯಾವ ಉದ್ದೇಶಕ್ಕೆ ಬೇಕಾದರೂ ಬಳಸಬಹುದು ಅಂತ ಕಾಗದದಲ್ಲಿ ಬರೆದಿತ್ತು. ನಾನು ಓದಿ ಸಹಿ ಹಾಕಿದೆ. ಓದದೆ ಇದ್ದವರು ನೀವು."

ಅವರಿಗೆ ಮೊದಲ ದಿನವೇ ತಿಳಿದಿತ್ತು. ವಾಚನಾಲಯದಲ್ಲಿ ಪೇಪರ್ ಓದುವವರೆಲ್ಲ ಎದ್ದು ಬಂದು ಹೇಳಿದ್ದರು. ಕೆಲವರು ಪುಡಿ ನಿಜವಾಗಲೂ ಕೆಲಸ ಮಾಡುತ್ತದೆಯೇ ಎಂದು ಗುಟ್ಟಾಗಿ ವಿಚಾರಿಸಿದ್ದರು, ಅವರಿಗೆ ಇವರು ನೀರು ಕುಡಿಯಿರಿ ಎಂದು ಹೇಳಿ ಕಳಿಸಿದ್ದರು. ಮಗ ಸ್ಕೂಟರಿನಲ್ಲಿ ಊರು ಸುತ್ತಿಸುತ್ತಾನಲ್ಲ, ಎಷ್ಟು ದಿನ ಸುತ್ತಿಸುತ್ತಾನೋ ನೋಡೋಣ ಎಂದು ಬಾಯಿ ಬಿಟ್ಟಿರಲಿಲ್ಲ. ಗಾಳಿ ಚೆನ್ನಾಗಿತ್ತಂತೆ.

ಕತ್ತೆತ್ತಿ ಒದ್ದೆ ಬೆಕ್ಕನ್ನು ಮೂಲೆಯಿಂದ ಎಳೆದ. ಅದು ಹರಿದು ಚೂರಾಗಿ ಬಂತು. ಕೆಳಗಿನಿಂದ ಅತ್ತೆಯ ಮುಖ ಒಂದೊಂದೇ ಭಾಗವಾಗಿ ಹೊರಬಂತು, ಮೊದಲು ಗದ್ದ, ಆಮೇಲೆ ಬಿಗಿದ ತುಟಿ, ಆಮೇಲೆ ಆ ಕಣ್ಣು. ಅಂಟಿನಿಂದ ಒದ್ದೆಯಾಗಿ ಮುಖ ಮಿನುಗುತ್ತಿತ್ತು. ಅತ್ತೆ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಕೋರ್ಟಿನಲ್ಲಿ ಇದೇ ಮುಖ ಇಟ್ಟುಕೊಂಡು ನನ್ನ ಆಯಸ್ಸು ಕಳೆದೆ," ಅಂದರು. "ವಕೀಲರು ನಡುಗುತ್ತಿದ್ದರು. ನೀವು ತೆಗೆದ ಬೇರೆ ಫೋಟೋಗಳಲ್ಲೆಲ್ಲ ಯಾರೋ ಒಬ್ಬ ಒಳ್ಳೆ ಮುದುಕಿ ಇದ್ದಾಳೆ. ಅವಳು ಯಾರೋ ನನಗೆ ಗೊತ್ತಿಲ್ಲ."

ಬಸ್ಸು ಬಂತು, ಜನ ಹತ್ತಿದರು. ಕತ್ತೆತ್ತಿ ಸ್ಟೂಲಿನಿಂದಿಳಿದು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಒಮ್ಮೆ ನೋಡಿದ. ದೂರದಿಂದ ನೋಡಿದರೂ ಆ ಕಣ್ಣು ಅವನನ್ನೇ ಸುಡುತ್ತಿತ್ತು. ಕಿಟಕಿಯ ಬೆಳಕು ಕೆನ್ನೆಯ ಸುಕ್ಕುಗಳ ಮೇಲೆ ಎಷ್ಟು ಹದವಾಗಿ ಬಿದ್ದಿತ್ತೆಂದರೆ, ಬೇರೆ ಯಾರಾದರೂ ತೆಗೆದಿದ್ದರೆ ಅವನು ಹೊಟ್ಟೆಯುರಿಯಿಂದ ಸಾಯುತ್ತಿದ್ದ. ಆ ಮಹಾಶಯನ ಕಣ್ಣು ಕುರುಡಲ್ಲವೇನೋ ಎಂಬ ಅನುಮಾನ ಮೊದಲ ಸಲ ಅವನೊಳಗೆ ಇಣುಕಿತು.

ಆಮೇಲೆ ಕಂಪನಿಯೇ ಬರೆಯಿತು. ನಿಮ್ಮ ಹೊಟ್ಟೆನೋವಿಗೆ ಬೇಡಿಕೆ ಹೆಚ್ಚಿದೆ, ಬೇರೆ ನೋವುಗಳಿದ್ದರೆ ಕಳಿಸಿ. ಜೀವಮಾನವಿಡೀ ಜನರಿಗೆ ನಗಿ ಎಂದವನು ಈಗ ನೋಯಿರಿ ಎನ್ನತೊಡಗಿದ. ಬೀದಿಯವರು ತಮ್ಮ ತಮ್ಮ ನೋವು ಹಿಡಿದುಕೊಂಡು ಸ್ಟುಡಿಯೋಗೆ ಬಂದರು. ದರ್ಜಿಯ ಸೊಂಟ ಪಾಸಾಯಿತು. ಟ್ರಾವೆಲ್ ಏಜೆಂಟಿನ ಮಂಡಿ ಪಾಸಾಯಿತು. ಎಲ್ಲರನ್ನೂ ಪ್ರವಾಸಕ್ಕೆ ಕಳಿಸುವವನು ಮೆಟ್ಟಿಲು ಹತ್ತಲಾರ ಎಂದು ಆಗಲೇ ಬೀದಿಗೆ ತಿಳಿದದ್ದು. ಕತ್ತೆತ್ತಿಗೆ ಹಳೆಯ ಚಟ ಮರಳಿತು. ಇದು ಹಲ್ಲುನೋವಿನ ಹಾಗಿಲ್ಲ, ಕೈಸಾಲ ಕೇಳಲು ಬಂದ ಹಾಗಿದೆ, ನಿಜವಾಗಿ ನೋವು ಬಂದಾಗ ಬನ್ನಿ ಎಂದು ಜನರನ್ನು ಹಿಂದಕ್ಕೆ ಕಳಿಸಿದ. ಬಾಮೈದನ ತಲೆನೋವು ಮಾತ್ರ ಎಷ್ಟು ಸಲ ಕಳಿಸಿದರೂ ತಿರಸ್ಕಾರವಾಯಿತು: ನೋವು ನಂಬುವಂತಿಲ್ಲ. ಬಾಮೈದ ಊಟ ಬಿಟ್ಟ, ಮೇಲ್ಮನವಿ ಬರೆಯಲು ಕೂತ. ಹೋಗಲಿ ಬಿಡೋ, ಅವರಿಗೇನು ನಿನ್ನ ಮೇಲೆ ಹಗೆಯೇ ಎಂದು ಕತ್ತೆತ್ತಿಯೇ ಸಮಾಧಾನ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಒಬ್ಬ ಗೆದ್ದವನ ಔದಾರ್ಯವಿತ್ತು, ಕೇಳುವವರಿಗೆ ಕೆನ್ನೆಗೆ ಬಾರಿಸಬೇಕೆನಿಸುವಷ್ಟು.

ಹೀಗಿರುವಾಗ ಒಂದು ಸಂಜೆ ಹೆಂಡತಿ ಕೆಲಸದಿಂದ ಬಂದಳು. ಕಾರ್ಖಾನೆಯಲ್ಲಿ ದೊಡ್ಡ ಆರ್ಡರ್ ಹೋಗುವುದಿತ್ತು, ವಾರದಿಂದ ಹೆಚ್ಚಿನ ಹೊತ್ತು ದುಡಿಯುತ್ತಿದ್ದಳು. ಮನೆಗೆ ಹತ್ತುವ ಮೊದಲ ಮೆಟ್ಟಿಲಿನ ಮೇಲೇ ಕೂತುಬಿಟ್ಟಳು. ಚಪ್ಪಲಿ ಕಳಚಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಅಂಗೈಗಳಿಂದ ಕಣ್ಣುಗಳನ್ನು ಒತ್ತಿ ಹಿಡಿದಳು. ಬೀದಿ ಬಾಗಿಲಿನಿಂದ ಸಂಜೆಯ ಬೆಳಕು ಅವಳ ಮೊಣಕೈಯವರೆಗೆ ಬಂದು ನಿಂತಿತ್ತು. ಸ್ಟುಡಿಯೋದ ಒಳಗಿನಿಂದ ಕತ್ತೆತ್ತಿ ನೋಡಿದ. ಅವನ ಬಾಯಿಂದ ಕತ್ತೆತ್ತು ಎಂಬ ಮಾತು ಬರಲಿಲ್ಲ. ಕ್ಯಾಮೆರಾ ಎತ್ತಿ ಒಮ್ಮೆ ಒತ್ತಿದ. ಅವಳಿಗೆ ಕೇಳಿಸಲೂ ಇಲ್ಲ.

ಕಂಪ್ಯೂಟರಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದ. ಇಷ್ಟು ವರ್ಷದಲ್ಲಿ ತಾನು ತೆಗೆದ ಅತ್ಯುತ್ತಮ ಫೋಟೋ ಇದು. ಯಾವ ಮಹಾಶಯನೂ ಇದರಲ್ಲಿ ಬೆರಳಿಡಲಾರ. ಮುಖ್ಯ ವಸ್ತು ಸ್ಪಷ್ಟವಾಗಿದೆ. ಒಪ್ಪಿಗೆ ಪತ್ರ ತೆಗೆದು, ಪೆನ್ನು ಹಿಡಿದು, ಅವಳನ್ನು ಒಳಗೆ ಕರೆದ.

ಅವಳು ಬಂದು ಪರದೆಯ ಮುಂದೆ ನಿಂತಳು. ಕಾಲರು, ಗುಂಡಿ, ಕಾಜ ನೋಡುವ ಕಣ್ಣಿನಿಂದಲೇ ನೋಡಿದಳು, ಆದರೆ ಅಂಗಿಗೆ ಕೊಡದಷ್ಟು ಹೊತ್ತು.

"ಇದು ಬೇಡ," ಅಂದಳು.

ಏನು ತಪ್ಪಿದೆ ಎಂದು ಅವನು ಕೇಳಿದ. ಫೋಕಸ್ಸೇ? ಬೆಳಕೇ? ಬೇಕಾದರೆ ಚೀಲದ ಮೇಲಿನ ಹೆಸರು ಅಳಿಸುತ್ತೇನೆ.

"ತಪ್ಪೇನೂ ಇಲ್ಲ. ಎಲ್ಲ ಸರಿಯಾಗೇ ಬಂದಿದೆ. ಅದಕ್ಕೇ ಬೇಡ." ಒಪ್ಪಿಗೆ ಪತ್ರವನ್ನು ಅವನ ಕಡೆಗೇ ಸರಿಸಿ ಅಂದಳು, "ಅಮ್ಮ ಹಸಿದು ಕೂತಿದ್ದು ರೀ. ಅಷ್ಟೇ. ಇದು ಹಾಗಲ್ಲ. ಇದರ ಕೆಳಗೆ ಯಾರೋ ಕಣ್ಣಿನ ಡ್ರಾಪ್ಸ್ ಬಾಟಲಿ ಇಡೋದು ನನಗೆ ಬೇಡ."

ಕತ್ತೆತ್ತಿಯ ಬಾಯಿ ತೆರೆಯಿತು. ಅಷ್ಟೂ ಮೇಲ್ಮನವಿಗಳ ಸಾಲುಗಳು ಒಟ್ಟಿಗೆ ಗಂಟಲಿಗೆ ನುಗ್ಗಿ ಬಂದವು: ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ, ತಾವು ಕಲೆಯನ್ನು ಬಲ್ಲವರು, ಇದರ ಹಿಂದಿನ ಶ್ರಮವನ್ನು ನೋಡಿ. ಶ್ರಮ ಎಂಬ ಮಾತಿನ ಹತ್ತಿರ ಬಂದು ಅವನು ನಿಂತ. ಅವಳು ಪರದೆಯ ಕಡೆ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು. ಆ ಕಣ್ಣುಗಳು ಕೆಂಪಗಿದ್ದವು. ಅವು ಎಂದಿನಿಂದ ಹಾಗಿವೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅವನು ಪೆನ್ನಿಗೆ ಮುಚ್ಚಳ ಹಾಕಿದ. ಚಿತ್ರವನ್ನು ಅಳಿಸಲು ಮಾತ್ರ ಕೈ ಬರಲಿಲ್ಲ. ಅಳಿಸಬೇಕೇ ಎಂದು ಕೇಳಿದ. ಇಟ್ಟುಕೊಳ್ಳಿ, ನೀವೊಬ್ಬರು ನೋಡಿಕೊಂಡರೆ ಸಾಕು ಎಂದು ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು.

ಕಂಪನಿಯಿಂದ ಆಮೇಲೂ ಮೇಲ್ ಬರುತ್ತಿತ್ತು. ಬಹಳ ದಿನದಿಂದ ತಾವು ಹೊಸ ನೋವು ಕಳಿಸಿಲ್ಲ, ಎಲ್ಲ ಕ್ಷೇಮ ತಾನೇ ಎಂದು ಕೇಳುತ್ತಿದ್ದರು. ಕತ್ತೆತ್ತಿ ಸಂಜೆ ಸ್ಟುಡಿಯೋ ಬೇಗ ಮುಚ್ಚಿ, ಹೆಂಡತಿ ಬರುವ ಹೊತ್ತಿಗೆ ಮೇಲೆ ಹೋಗಿ ಒಲೆ ಹಚ್ಚಿ ಟೀಗೆ ನೀರಿಡುವುದನ್ನು ರೂಢಿ ಮಾಡಿಕೊಂಡ. ಮಾಡಿದ ಟೀ ನೀರುನೀರಾಗಿರುತ್ತಿತ್ತು. ಅವಳು ಒಂದು ಗುಟುಕು ಕುಡಿದು, ಇವತ್ತಿಗೆ ನಡೆಯುತ್ತೆ ಎಂದು ಲೋಟ ಖಾಲಿ ಮಾಡುತ್ತಿದ್ದಳು.